ದುರ್ಗದ ಕೋಟೆ ಹತ್ತಿ ಬಂದವನ ಕೈಯಲ್ಲಿ ಕೀಚೈನು!

(ರಜೆಗೆಂದು ಊರಿಗೆ ಬಂದಿದ್ದ ಹುಡುಗ ಹುಡುಗಿಯರ ಮುಂದೆ ಬಿಳಿಚೋಡಿನಲ್ಲಿ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಅರ್ಧ ಜನ ಬೆಂಗಳೂರಿನಲ್ಲಿ ದುಡಿಯುವವರು. ಉಳಿದವರು ದಾವಣಗೆರೆಯಲ್ಲಿ ಓದುವವರು. ಊರಿನ ಬಸ್ಸು ಹತ್ತಿ ಬಿಳಿಚೋಡಿಗೆ ಬಂದಿಳಿದಾಗ ಮಾತ್ರ ನಿಮ್ಮ ಬಾಯಲ್ಲಿ ಮತ್ತೆ ನಮ್ಮ ಕಡೆ ಮಾತು ಬರುತ್ತದೆ. ಸಂತೋಷ. ಇವತ್ತು ನಾನು ನಾಮಫಲಕದ ವಿಚಾರ ಮಾತಾಡಲು ಬಂದಿಲ್ಲ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಅದಕ್ಕಾಗಿ ಬೀದಿಗಿಳಿದವರಿಗೆ ನನ್ನ ಶರಣು. ಆದರೆ ಬೋರ್ಡಿನ ಮೇಲೆ ಕನ್ನಡ ಬಂದ ಮೇಲೆ ಅಂಗಡಿಯ ಒಳಗೆ ಏನಿದೆ? ನಾನು ಕೇಳಲು ಬಂದಿರುವುದು ಆ ಪ್ರಶ್ನೆ. ಅದೂ ಎಲ್ಲ ಅಂಗಡಿಯಲ್ಲ. ಒಂದೇ ಒಂದು ಬಗೆಯ ಅಂಗಡಿ. ವಸ್ತುಸಂಗ್ರಹಾಲಯದ ಬಾಗಿಲಲ್ಲಿ, ಕೋಟೆಯ ಬುಡದಲ್ಲಿ, ದೇಗುಲದ ಪಕ್ಕದಲ್ಲಿ ನೆನಪಿನ ಕಾಣಿಕೆ ಮಾರುವ ಅಂಗಡಿ.

ನಗಬೇಡಿ. "ಅಣ್ಣಾ, ಕಾವೇರಿ ಇದೆ, ಉದ್ಯೋಗ ಇದೆ, ಗಡಿ ಇದೆ, ನೀನು ಗೊಂಬೆ ಅಂಗಡಿ ಹಿಡಿದು ಕೂತೆಯಲ್ಲ" ಅನ್ನುತ್ತೀರಿ. ಪೂರ್ತಿ ಕೇಳಿ, ಆಮೇಲೆ ನಗಿ.

ನಮ್ಮ ಕಡೆ ಶಾಲೆಯ ಮಕ್ಕಳು ಪ್ರವಾಸ ಅಂದರೆ ಮೊದಲು ಹೋಗುವುದು ಎಲ್ಲಿಗೆ? ದುರ್ಗಕ್ಕೆ. ಜಗಳೂರು ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ನಿಜ. ಅದಕ್ಕೂ ಮೊದಲು ನಾವು ಚಿತ್ರದುರ್ಗದವರೇ. ಜಿಲ್ಲೆ ಬದಲಾಯಿತು, ನೆನಪು ಬದಲಾಗಲಿಲ್ಲ. ಬಿಳಿಚೋಡಿನ ಒಬ್ಬ ಏಳನೇ ಕ್ಲಾಸಿನ ಹುಡುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವ್ವ ಬುತ್ತಿ ಕಟ್ಟಿ, ಜೇಬಿಗೆ 50 ರೂಪಾಯಿ ಹಾಕಿ ಕಳಿಸಿದ್ದಾಳೆ. ಕೋಟೆ ಹತ್ತುತ್ತಾನೆ, ಓಬವ್ವನ ಕಿಂಡಿಯಲ್ಲಿ ತೂರುತ್ತಾನೆ, ಏಕನಾಥೇಶ್ವರಿಯ ಗುಡಿ ನೋಡುತ್ತಾನೆ. ಹಿಂದೆ ಇಲ್ಲೊಂದು ರಾಜ್ಯ ಇತ್ತು, ಅದು ನಮ್ಮದು, ಅದನ್ನು 1779ರಲ್ಲಿ ಹೈದರಾಲಿ ಗೆದ್ದ ಅನ್ನುವುದು ಅವನ ಮೈಗೆ ತಾಕುವ ಹೊತ್ತು ಅದು. ಇಳಿದು ಬಂದ ಹುಡುಗ ಆ 50 ರೂಪಾಯಿಗೆ ಏನು ಕೊಳ್ಳಬೇಕು? ಹೆಸರು ಬರೆದುಕೊಡುವ ಕೀಚೈನು, ಕೂಲಿಂಗ್ ಗ್ಲಾಸು, ಪ್ಲಾಸ್ಟಿಕ್ ಕತ್ತಿ! ಮದಕರಿನಾಯಕನ ಊರಿನಲ್ಲಿ ಪ್ಲಾಸ್ಟಿಕ್ ಕತ್ತಿ! ಆ ಹುಡುಗ ಕೊಂಡದ್ದು ತಪ್ಪಲ್ಲ. ಕೊಳ್ಳಲು ಇದ್ದದ್ದೇ ಅದು.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಿಮ್ಮ ಜೇಬಿನಲ್ಲಿ 50 ಅಲ್ಲ, ಎರಡು ಸಾವಿರವೂ ಇರುತ್ತದೆ. ಬೆಂಗಳೂರಿನಲ್ಲಿ ಭಾನುವಾರ ಒಂದು ಮ್ಯೂಸಿಯಂಗೆ ಹೋಗುತ್ತೀರಿ. ತಂಪಾದ ಕೋಣೆ, ಒಳ್ಳೆಯ ಬೆಳಕು. ಹೊರಗೆ ಬರುವ ದಾರಿಯಲ್ಲೇ ಅಂಗಡಿ. ಮೀನು ಬಲೆಗೆ ಬಂದ ಹಾಗೆ ನೀವು ಅದರೊಳಗೇ ಹಾದು ಬರಬೇಕು. ದಪ್ಪ ಹಾಳೆಯ ಇಂಗ್ಲಿಷ್ ಪುಸ್ತಕ, ಮಗ್ಗು, ಚೀಲ, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ. ಹೆಸರು ಹೇಳುವುದು ಬೇಡ, ಅಂಥದ್ದೊಂದು ಅಂಗಡಿಯಲ್ಲಿ ನಾನು ಕೇಳಿದೆ: "ಕನ್ನಡದ ಪುಸ್ತಕ ಏನಾದರೂ ಇದೆಯೇನಮ್ಮಾ?" ಅಲ್ಲಿ ಕೂತಿದ್ದ ಹುಡುಗಿ ತುಮಕೂರು ಕಡೆಯವಳು, ಚೊಕ್ಕ ಕನ್ನಡದಲ್ಲಿ ಹೇಳಿದಳು: "ಯಾರೂ ಕೇಳಲ್ಲ ಸರ್, ಅದಕ್ಕೆ ತರಿಸಲ್ಲ." ನನ್ನ ಸಿಟ್ಟು ಆ ಹುಡುಗಿಯ ಮೇಲಲ್ಲ. ನನ್ನ ಸಿಟ್ಟು ಆ 'ಯಾರೂ ಕೇಳಲ್ಲ' ಎಂಬ ಮಾತಿನ ಮೇಲೆ. ಆ 'ಯಾರೂ' ಅನ್ನುವವರು ಯಾರು? ನೀವೇ ಅಲ್ಲವೇ?

ಹಾಗಾದರೆ ಏನನ್ನು ಕೇಳಬೇಕು? ಬರೀ "ಕನ್ನಡ ಇಡಿ, ಕನ್ನಡ ಇಡಿ" ಎಂದು ಕೂಗಿದರೆ ಅವರು ಯಾವುದೋ ಗೋದಾಮಿನಲ್ಲಿ ಗೆದ್ದಲು ಹಿಡಿದ ಸಂಪುಟ ತಂದು ಕಪಾಟಿಗೆ ತುಂಬುತ್ತಾರೆ. ಧೂಳು ಕೂರುತ್ತದೆ. ಆರು ತಿಂಗಳ ಮೇಲೆ "ನೋಡಿ, ಮಾರಾಟ ಆಗಲಿಲ್ಲ" ಅನ್ನುತ್ತಾರೆ. ಆ ಆಟ ನಡೆಯಬಾರದು. ಹೆಸರು ಹಿಡಿದು ಕೇಳಬೇಕು. ಯಾವ ಜಾಗದಲ್ಲಿ ಯಾವ ಪುಸ್ತಕ, ಯಾವ ಹಾಡು ಎಂದು ನಾವೇ ಪಟ್ಟಿ ಕೈಗೆ ಕೊಡಬೇಕು.

ದುರ್ಗದಿಂದಲೇ ಶುರು ಮಾಡೋಣ. ಅಲ್ಲಿ ಕೋಟೆ ಕೇಂದ್ರ ಸರ್ಕಾರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿ, ಊರೊಳಗಿನ ಸಂಗ್ರಹಾಲಯ ರಾಜ್ಯದ ಇಲಾಖೆಯ ಕೈಯಲ್ಲಿ. ಎರಡೂ ಕಡೆ ಮೊದಲ ಸಾಲಿನಲ್ಲಿ ಇರಬೇಕಾದವರು ತ.ರಾ.ಸು. ಅವರು ಹುಟ್ಟಿದ್ದು 1920ರಲ್ಲಿ, ಇವತ್ತು ನಮ್ಮದೇ ಜಿಲ್ಲೆಯಲ್ಲಿರುವ ಮಲೆಬೆನ್ನೂರಿನಲ್ಲಿ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಬರೆದು, ಕೊನೆಗೆ 1982ರಲ್ಲಿ 'ದುರ್ಗಾಸ್ತಮಾನ' ಕೊಟ್ಟರು. 1984ರಲ್ಲಿ ತೀರಿಕೊಂಡರು. ಮರುವರ್ಷ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ತೆಗೆದುಕೊಳ್ಳಲು ಅವರಿರಲಿಲ್ಲ. ಕೋಟೆಯ ಒಂದೊಂದು ಕಲ್ಲಿಗೂ ಹೆಸರಿಟ್ಟು ಕರೆದ ಮನುಷ್ಯ. ಆ ಕೋಟೆಯ ಬುಡದಲ್ಲಿ ಆ ಪುಸ್ತಕ ಕೈಗೆ ಸಿಗಬೇಕಾದದ್ದು ನ್ಯಾಯವಲ್ಲವೇ? ಬಿ.ಎಲ್. ವೇಣು ಅವರ 'ಗಂಡುಗಲಿ ಮದಕರಿನಾಯಕ' ಪಕ್ಕದಲ್ಲಿರಲಿ. ಎರಡನ್ನೂ ಓದಿ ಜಗಳ ಆಡಿ. ಇತಿಹಾಸದ ಬಗ್ಗೆ ಜಗಳ ಆಡುವುದು ಒಳ್ಳೆಯ ಅಭ್ಯಾಸ.

ಆದರೆ ಏಳನೇ ಕ್ಲಾಸಿನ ಹುಡುಗನಿಗೆ 'ದುರ್ಗಾಸ್ತಮಾನ' ಭಾರ. ಅವನಿಗೆ ಬೇಕಾದದ್ದು 32 ಪುಟದ, 30 ರೂಪಾಯಿಯ ಒಂದು ಕಿರುಹೊತ್ತಗೆ. ವಿಷಯಕ್ಕೇನು ಬರವೇ? ದುರ್ಗದ ಪಕ್ಕದಲ್ಲೇ ಚಂದ್ರವಳ್ಳಿ ಇದೆ. ಎಂ.ಎಚ್. ಕೃಷ್ಣ ಅಲ್ಲಿ ಮಣ್ಣು ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಮತ್ತೆ ಅಗೆದ. ಶಾತವಾಹನರ ನಾಣ್ಯ ಸಿಕ್ಕಿತು, ರೋಮಿನ ಬೆಳ್ಳಿ ನಾಣ್ಯ ಸಿಕ್ಕಿತು. ರೋಮಿನ ದುಡ್ಡು ನಮ್ಮ ದುರ್ಗದ ಮಣ್ಣಿನಲ್ಲಿ! ಅಲ್ಲೇ ಒಂದು ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ. ಭಾಷೆ ಪ್ರಾಕೃತ. ಹೇಳುವ ವಿಷಯ ಏನು ಗೊತ್ತೇ? ಕೆರೆ ಕಟ್ಟಿಸಿದ್ದು. ಬರದ ಜಗಳೂರು ತಾಲ್ಲೂಕಿನ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕೇ? ಸುಮಾರು 1600 ವರ್ಷಗಳ ಹಿಂದಿನ ಅರಸ ಇಲ್ಲಿ ಮೊದಲು ಹೇಳಿಕೊಂಡ ಹೆಮ್ಮೆ ಕೆರೆಯದು. ಕೆರೆಗೆ ನೀರು ತುಂಬಿಸಿ ಎಂದು ಕೂಗಿ ಕೂಗಿ ಗಂಟಲು ಒಣಗಿದ ನಮ್ಮ ಹಿರಿಯರು ಈ ಶಾಸನವನ್ನು ನೋಡಿದ್ದರೆ ಮೆರವಣಿಗೆಯಲ್ಲಿ ಹೊತ್ತು ತಿರುಗುತ್ತಿದ್ದರು.

ಇನ್ನೂ ಮುಂದೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ. ಅಶೋಕನ ಶಾಸನ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬರೆದ ರಾಜಾಜ್ಞೆ ಅದು. ಬರೆದ ಲಿಪಿಕಾರನ ಹೆಸರು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಕೊರೆದು, ಕೊನೆಗೆ ತನ್ನ ಕಸುಬಿನ ಮಾತನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಎಲ್ಲಿಂದಲೋ ಬಂದ ಆ ಬರಹಗಾರ ನಮ್ಮ ಬಂಡೆಯ ಮೇಲೆ ಸಹಿ ಹಾಕಿ ಹೋದ! ಇದನ್ನು ಚಿತ್ರ ಬರೆದು ಕಥೆ ಮಾಡಿ ಕೊಟ್ಟರೆ ಮಕ್ಕಳು ಊಟ ಬಿಟ್ಟು ಓದುತ್ತಾರೆ. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೇ ಸಂಪುಟದಲ್ಲಿ ಅಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳಿವೆ, ಜಗಳೂರು ತಾಲ್ಲೂಕಿನವೂ ಇವೆ. ಆ ದಪ್ಪ ಸಂಪುಟ ಸಂಶೋಧಕರಿಗೆ ಇರಲಿ. ನಮ್ಮ ನಮ್ಮ ತಾಲ್ಲೂಕಿನ ಶಾಸನಗಳಿಗೆ ಒಂದೊಂದು ತೆಳು ಪುಸ್ತಕ, ಹೊಸಗನ್ನಡದಲ್ಲಿ ಅರ್ಥ ಬರೆದು ಕೊಡಲು ಯಾರ ಅಪ್ಪಣೆ ಬೇಕು?

ಇನ್ನು ಹಾಡು. ದುರ್ಗದ ಅಂಗಡಿಯಲ್ಲಿ ಯಾವ ಹಾಡು ಇರಬೇಕು? "ನಾಗರಹಾವು" ಅಂತೀರಿ, ಗೊತ್ತು. ಇರಲಿ. 1972ರ ಪುಟ್ಟಣ್ಣನವರ ಚಿತ್ರ, ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು, ವಿಜಯಭಾಸ್ಕರ್ ಸಂಗೀತ. ಕೋಟೆ ಅದರಲ್ಲಿ ಒಂದು ಪಾತ್ರವೇ. ಆದರೆ ನಾನು ಮೊದಲು ಇಡುವುದು ಸಿರಿಯಜ್ಜಿಯ ಹಾಡನ್ನು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಅಜ್ಜಿ. ಅಕ್ಷರ ಕಲಿತವಳಲ್ಲ. ಸಾವಿರಾರು ಪದಗಳು ನಾಲಿಗೆ ಮೇಲೆ. ಕೃಷ್ಣಮೂರ್ತಿ ಹನೂರು ಆ ಪದಗಳನ್ನು ಬರೆದುಕೊಂಡು 'ಸಾವಿರದ ಸಿರಿಬೆಳಗು' ಎಂದು ಪುಸ್ತಕ ಮಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಕಾಡುಗೊಲ್ಲರ ಜುಂಜಪ್ಪನ ಕಥೆ, ಮ್ಯಾಸನಾಯಕರ ಹಾಡುಗಳು, ಉರುಮೆಯ ಸದ್ದು, ಇವೆಲ್ಲ ದುರ್ಗದ ಸುತ್ತಲಿನ ಉಸಿರು. ಕೋಟೆಯ ಅರಸರು ಹೋದರು, ಈ ಪದಗಳು ಉಳಿದವು. ಕೋಟೆ ನೋಡಲು ಬಂದವನು ಹಾಡನ್ನೂ ಕೇಳಿ ಹೋಗಲಿ. ಯಾರದೋ ಸಿಂಥಸೈಜರ್ ಕೊಳಲನ್ನು ಅಂಗಡಿಯ ಸ್ಪೀಕರಿನಲ್ಲಿ ಹಾಕಿ 'ಶಾಂತಿ ಸಂಗೀತ' ಅನ್ನುವುದು ಸಾಕು.

ಒಂದು ಮಾತು ನಡುವೆ. ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ ನೋಡಿದ್ದೀರಾ? 1968ರಲ್ಲಿ ಶುರುವಾದದ್ದು. ಹಳ್ಳಿ ಹಳ್ಳಿ ಸುತ್ತಿ ಅದಕ್ಕೆ ವಸ್ತು ಕೂಡಿಸಿದವರಲ್ಲಿ ಮುಖ್ಯರು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. ಅವರು ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು, ನಮ್ಮವರು. ಒಡೆದ ಕೊಳಗ, ತೊಗಲುಗೊಂಬೆ, ಸೋಮನ ಮುಖ ಹೊತ್ತು ತಂದವರಿಗೆ ಒಂದು ತಿಳುವಳಿಕೆ ಇತ್ತು: ಬಡವರ ಮನೆಯ ಮೂಲೆಯಲ್ಲಿ ಬಿದ್ದದ್ದೇ ನಾಡಿನ ಆಸ್ತಿ. ರಾಮನಗರದ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರಿಗೂ ಅದೇ ಹುಚ್ಚು. ಐಎಎಸ್ ಅಧಿಕಾರಿ, ಕೈಯಲ್ಲಿ ಟೇಪ್ ರೆಕಾರ್ಡರ್. ಹಾಡುವ ಅಜ್ಜಿಯರ ಮುಂದೆ ಕೂತು ಕೇಳಿದವರು. ಇಂಥ ಕಡೆ ಅಂಗಡಿಯಲ್ಲಿ ಗೊ.ರು. ಚನ್ನಬಸಪ್ಪನವರು ಸಂಪಾದಿಸಿದ 'ಕರ್ನಾಟಕ ಜನಪದ ಕಲೆಗಳು' ಇರಲೇಬೇಕು. ಯಾವ ವೇಷ ಯಾವ ಊರಿನದು ಎಂದು ತಿಳಿಯದೆ ಫೋಟೋ ತೆಗೆದುಕೊಂಡು ಹೋಗುವವರ ಕೈಗೆ ಆ ಪುಸ್ತಕ ಕೊಡಬೇಕು.

ಈಗ ಬಾದಾಮಿಗೆ ಬನ್ನಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನ್ನ ಮಾತಿನ ತಿರುಳು ಇಲ್ಲಿದೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು ಕ್ರಿ.ಶ. 700ರದು. ಒಳ್ಳೆಯವನಿಗೆ ಒಳ್ಳೆಯವನು, ಕೆಟ್ಟವನಿಗೆ ಕೆಟ್ಟವನು ಅನ್ನುವ ಹಾಗಿದ್ದ ಒಬ್ಬ ವೀರನ ಬಗೆಗೆ ಬರೆದದ್ದು. ಅದರ ಪದ್ಯಗಳ ಕಟ್ಟು ತ್ರಿಪದಿ. ಮೂರು ಸಾಲು. ಆ ಮೂರು ಸಾಲು ಬಂಡೆಯಿಂದ ಇಳಿದು ಎಲ್ಲಿಗೆ ಹೋಯಿತು ನೋಡಿ. ಅಕ್ಕಮಹಾದೇವಿಯ 'ಯೋಗಾಂಗ ತ್ರಿವಿಧಿ'ಗೆ ಹೋಯಿತು. ಸರ್ವಜ್ಞನ ಜೋಳಿಗೆಗೆ ಹೋಯಿತು. ನಮ್ಮ ಅಜ್ಜಿಯರ ಬೀಸುವ ಕಲ್ಲಿನ ಗೂಟ ಹಿಡಿಯಿತು. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರು, ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದರು. ಒಂದೇ ಛಂದಸ್ಸು, ಹನ್ನೆರಡು ನೂರು ವರ್ಷಕ್ಕೂ ಮೇಲೆ, ಅರಸರ ಬಂಡೆಯಿಂದ ಗರತಿಯ ಬೀಸುಕಲ್ಲಿನ ತನಕ! ಇಂಥ ಸಾಲುಮನೆತನ ಜಗತ್ತಿನ ಎಷ್ಟು ಭಾಷೆಗೆ ಇದೆ?

ಹಾಗಾದರೆ ಬಾದಾಮಿಯ ಸಂಗ್ರಹಾಲಯದಲ್ಲಿ ಏನು ಮಾರಬೇಕು? ಒಂದು ಪುಟ್ಟ ಪೊಟ್ಟಣ. ಒಳಗೆ ಶಾಸನದ ಅಚ್ಚು, ಅದರ ಪಾಠ, ಹೊಸಗನ್ನಡದಲ್ಲಿ ಅರ್ಥ. ಪಕ್ಕದಲ್ಲಿ ಹತ್ತು ಗರತಿ ಹಾಡು. ಜೊತೆಗೆ ಧ್ವನಿ: ಒಬ್ಬರು ಶಾಸನದ ಸಾಲು ಓದುತ್ತಾರೆ, ಮರುಗಳಿಗೆ ಒಬ್ಬ ಹೆಣ್ಣುಮಗಳು ಅದೇ ಗತಿಯಲ್ಲಿ ಬೀಸುವ ಪದ ಹೇಳುತ್ತಾಳೆ. ಕೇಳಿದವನಿಗೆ ಭಾಷಣ ಬೇಕಿಲ್ಲ. ನೂರು ಮೆರವಣಿಗೆ ಮಾಡಿದರೂ ಹೇಳಲಾಗದ್ದನ್ನು ಆ ಎರಡು ನಿಮಿಷದ ಧ್ವನಿ ಕಿವಿಗೆ ಹಾಕಿಬಿಡುತ್ತದೆ.

ಬೇಲೂರಿಗೂ ಇಂಥದ್ದೇ ಒಂದು ಜೋಡಿ ಸಿದ್ಧವಾಗಿ ಕೂತಿದೆ. ಚೆನ್ನಕೇಶವ ಗುಡಿಯ ಮದನಿಕೆಯರನ್ನು ಕಂಡು ಡಿ.ವಿ.ಜಿ. 'ಅಂತಃಪುರ ಗೀತೆ' ಬರೆದರು. ಒಂದೊಂದು ವಿಗ್ರಹಕ್ಕೆ ಒಂದೊಂದು ಹಾಡು, ರಾಗ ತಾಳ ಸಮೇತ. ಸಂಗೀತಗಾರರು ಹಾಡಿದ್ದಾರೆ, ನಾಟ್ಯದವರು ಕುಣಿದಿದ್ದಾರೆ. ಗೈಡು "ನೋಡಿ ಸಾರ್, ದರ್ಪಣ ಸುಂದರಿ" ಎಂದು ತೋರಿಸುವ ಕಡೆ, ಅದೇ ಸುಂದರಿಯ ಹಾಡು ಪುಸ್ತಕವಾಗಿ, ಧ್ವನಿಯಾಗಿ ಕೈಗೆ ಸಿಗುವುದು ಬೇಡವೇ? ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಿಶ್ವ ಬಂದು ನೋಡುತ್ತದೆ. ಕನ್ನಡದ ಕವಿ ಆ ಕಲ್ಲಿನ ಬಗ್ಗೆ ಏನು ಹೇಳಿದ ಎಂದು ವಿಶ್ವಕ್ಕೆ ಗೊತ್ತಾಗುವುದು ಹೇಗೆ? ಎಸ್. ಶ್ರೀಕಂಠಶಾಸ್ತ್ರಿಗಳ 'ಹೊಯ್ಸಳ ವಾಸ್ತುಶಿಲ್ಪ', ಕೆ.ವಿ. ಅಯ್ಯರ್ ಅವರ 'ಶಾಂತಲಾ', ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ' ಪಕ್ಕದಲ್ಲಿರಲಿ. ಕೊನೆಯದು ದಪ್ಪ, ಆದರೂ ರಜೆಯಲ್ಲಿ ಓದುವವರಿದ್ದಾರೆ.

ಹಂಪಿಗೆ ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ'. ಪರದೇಶದಿಂದ ಬಂದವರು ನಮ್ಮ ನಾಡನ್ನು ಕಂಡು ಬರೆದದ್ದನ್ನು ಸಂಪುಟ ಸಂಪುಟವಾಗಿ ಕನ್ನಡಕ್ಕೆ ತಂದರು. ಹರಿಹರ, ರಾಘವಾಂಕರು ವಿರೂಪಾಕ್ಷನ ಊರಿನ ಕವಿಗಳು, ಪುರಂದರದಾಸರು ಅಲ್ಲಿ ಹಾಡಿದವರು. ಭೀಮಸೇನ ಜೋಶಿಯವರ ದನಿಯಲ್ಲಿ ದಾಸರ ಪದ ಹಂಪಿಯ ಅಂಗಡಿಯಲ್ಲಿ ಕೇಳದಿದ್ದರೆ ಇನ್ನೆಲ್ಲಿ ಕೇಳಬೇಕು? ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಸ್ಮಾರಕವಾಗಿದೆ. ಅಲ್ಲಿಗೆ ಅವರ ಆತ್ಮಕಥೆ 'ನನ್ನ ರಸಯಾತ್ರೆ', ಅವರು ಹಾಡಿದ ವಚನಗಳು. ಬೇರೆ ಪಟ್ಟಿ ಬೇಕಿಲ್ಲ. ಕುಪ್ಪಳಿಯ ಕವಿಮನೆಗೆ ಹೋದವರು 'ನೆನಪಿನ ದೋಣಿಯಲ್ಲಿ' ಕೊಂಡು ಬರಲಿ, ನೀವು ಈಗಷ್ಟೇ ಹತ್ತಿ ಇಳಿದ ಉಪ್ಪರಿಗೆ ಅದರಲ್ಲಿದೆ. ಗಡಿಯಾಚೆ ಮಂಜೇಶ್ವರದ ಗೋವಿಂದ ಪೈಗಳ ಮನೆಗೆ ಪೈಗಳ ಕೃತಿಗಳ ಜೊತೆ ಕುಂಬಳೆ ಸೀಮೆಯ ಪಾರ್ತಿಸುಬ್ಬನ ಯಕ್ಷಗಾನದ ಹಾಡುಗಾರಿಕೆ ಇರಲಿ. ಕೇರಳಕ್ಕೆ ಸೇರಿದ ಆ ನೆಲದಲ್ಲಿ ಒಂದು ಕನ್ನಡ ಪುಸ್ತಕ ಮಾರಾಟವಾದರೆ ಬೆಂಗಳೂರಿನಲ್ಲಿ ಹತ್ತು ಮಾರಿದ ಲೆಕ್ಕ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ? 1865ರಲ್ಲಿ ಶುರುವಾದ ಸಂಸ್ಥೆ. ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡದ ಮುಂದೆ ಸೆಲ್ಫಿ ತೆಗೆದುಕೊಂಡವರು ಬಹಳ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಆ ಸಂಗ್ರಹಾಲಯದ್ದು. ಕ್ರಿ.ಶ. 950ರ ಆಸುಪಾಸಿನದು. ಅದರ ಮೇಲೆ ಕೊರೆದದ್ದು ಒಂದು ನಾಯಿಯ ಕಥೆ. ಹೆಸರು ಕಾಳಿ. ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧ ನಡೆದಾಗ ಮಣಲರತ ಎಂಬ ವೀರ ಶೌರ್ಯ ಮೆರೆದ. ಏನು ಬೇಕು ಕೇಳು ಅಂದರೆ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ನಾಯಿ ಕೇಳಿದ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ನಾಯಿಗೆ ಕಲ್ಲು ನೆಟ್ಟ ನಾಡು ನಮ್ಮದು! ಮಕ್ಕಳ ಚಿತ್ರಪುಸ್ತಕಕ್ಕೆ ಇದಕ್ಕಿಂತ ಕಥೆ ಬೇಕೇ? ದೊಡ್ಡವರಿಗೆ ಆರ್. ಶೇಷಶಾಸ್ತ್ರಿಗಳ 'ಕರ್ನಾಟಕದ ವೀರಗಲ್ಲುಗಳು' ಕೊಡಿ. ಅದನ್ನು ಓದಿದವನು ಊರಿಗೆ ಬಂದು ತನ್ನೂರ ವೀರಗಲ್ಲಿನ ಮೇಲೆ ಬಟ್ಟೆ ಒಗೆಯಲು ಬಿಡುವುದಿಲ್ಲ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ರೊಸೆಟ್ಟಾ ಕಲ್ಲನ್ನು ಹೇಗೆ ಮಾರುತ್ತದೆ ನೋಡಿ. ಅದು ಈಜಿಪ್ಟಿನಿಂದ ಹೊತ್ತೊಯ್ದ ಕಲ್ಲು, ಅವರದ್ದೂ ಅಲ್ಲ. ಪುಸ್ತಕ, ಮಗ್ಗು, ಪುಟ್ಟ ಪ್ರತಿಕೃತಿ, ಏನೆಲ್ಲ ಮಾಡಿ ಜಗತ್ತಿಗೇ ಮಾರಿದರು. ನಮ್ಮ ಹಲ್ಮಿಡಿ ಕಲ್ಲು ನಮ್ಮದೇ. 1936ರಲ್ಲಿ ಅದೇ ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು. ಹದಿನಾರು ಸಾಲು, ಕ್ರಿ.ಶ. 450ರ ಸುಮಾರಿನದು. ಮೂಲ ಕಲ್ಲು ಮೈಸೂರಿನಲ್ಲಿದೆ, ಹಲ್ಮಿಡಿಯಲ್ಲಿ ಅದರ ಪ್ರತಿ ನಿಂತಿದೆ. ಅಂಗೈ ಅಗಲದ ಪ್ರತಿಕೃತಿ, ಜೊತೆಗೆ ಹದಿನಾರು ಸಾಲಿನ ಓದು, ಅರ್ಥ. ಇದು ನಾಡಿನ ಎಲ್ಲ ಸಂಗ್ರಹಾಲಯದ ಅಂಗಡಿಯಲ್ಲೂ ಇರಬೇಕು. ನಿಮ್ಮ ಆಫೀಸಿನ ಮೇಜಿನ ಮೇಲೆ ಐಫೆಲ್ ಗೋಪುರ ಇಟ್ಟುಕೊಂಡಿದ್ದೀರಲ್ಲ, ಅದರ ಪಕ್ಕ ಇದನ್ನು ಇಡಿ. ಗೋಪುರ ತೆಗೆಯಿರಿ ಅಂತ ನಾನು ಹೇಳುವುದಿಲ್ಲ.

ಇಂಗ್ಲಿಷ್ ಪುಸ್ತಕ ಬೇಡವೇ ಬೇಡ ಎಂದೂ ನಾನು ಹೇಳುವುದಿಲ್ಲ. ಕನ್ನಡ ಬಾರದವರು ಬರುತ್ತಾರೆ. ಅವರಿಗೆ ಎ.ಕೆ. ರಾಮಾನುಜನ್ 1973ರಲ್ಲಿ ಇಂಗ್ಲಿಷಿಗೆ ತಂದ ವಚನಗಳ 'ಸ್ಪೀಕಿಂಗ್ ಆಫ್ ಶಿವ' ಕೊಡಿ. ಓದಿ ಬೆರಗಾಗಿ ಮೂಲ ಯಾವ ಭಾಷೆ ಎಂದು ಅವರೇ ಕೇಳುತ್ತಾರೆ. ನನ್ನ ತಕರಾರು ಇಷ್ಟೇ: ಕನ್ನಡ ನಾಡಿನ ಕಲ್ಲು ತೋರಿಸಿ ಟಿಕೆಟ್ ಕಾಸು ಎಣಿಸಿಕೊಂಡು, ಅದೇ ಕಲ್ಲಿನ ಮಾತನ್ನು ಹೊರಗಿಡುವುದು ಯಾವ ನ್ಯಾಯ?

ಅಂಗಡಿಯವರ ಕಷ್ಟವನ್ನೂ ಕೇಳೋಣ. ಅಕಾಡೆಮಿ, ಪ್ರಾಧಿಕಾರ, ವಿಶ್ವವಿದ್ಯಾಲಯಗಳ ಪುಸ್ತಕ ಅಗ್ಗ. ಓದುಗನಿಗೆ ಒಳ್ಳೆಯದು. ಆದರೆ 60 ರೂಪಾಯಿಯ ಪುಸ್ತಕ ಮಾರಿದರೆ ಅಂಗಡಿಯವನಿಗೆ ಉಳಿಯುವುದು ಎಷ್ಟು? ಕೀಚೈನಿನಲ್ಲಿ ಉಳಿದಷ್ಟು ಉಳಿಯುವುದಿಲ್ಲ. ಬಾಡಿಗೆ ಕಟ್ಟಬೇಕು, ಕರೆಂಟು ಬಿಲ್ಲು ಕಟ್ಟಬೇಕು. ಇದಕ್ಕೆ ದಾರಿ ಇದೆ. ಸಂಗ್ರಹಾಲಯದ ಮಳಿಗೆಯನ್ನು ಹರಾಜು ಹಾಕುವಾಗಲೇ ಕರಾರಿನಲ್ಲಿ ಬರೆಯಿರಿ: ಇಂತಿಷ್ಟು ಅಡಿ ಕಪಾಟು ಕನ್ನಡ ಪುಸ್ತಕಕ್ಕೆ, ಹಾಡಿಗೆ. ಅದಕ್ಕೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಿ. ಮಾರಾಟವಾಗದ್ದನ್ನು ಪ್ರಕಾಶಕರು ವಾಪಸ್ ಒಯ್ಯಲಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೊಂದು ತಲೆನೋವು ಕಡಿಮೆ.

ಹಾಡು ಮಾರುವುದು ಈಗ ಹೆಚ್ಚು ಕಷ್ಟ. 1978ರಲ್ಲಿ 'ನಿತ್ಯೋತ್ಸವ' ಬಂತು. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿಯವರ ದನಿ, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಅಲ್ಲಿಂದ ಮುಂದೆ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ಶರೀಫರ ಪದ, ಮನೆ ಮನೆಗೆ ಹೋಯಿತು. ಕ್ಯಾಸೆಟ್ ಸತ್ತಿತು, ಸಿ.ಡಿ.ಯೂ ಸತ್ತಿತು. ನಿಮ್ಮ ಮನೆಯಲ್ಲಿ ಸಿ.ಡಿ. ಹಾಕುವ ಯಂತ್ರ ಇದೆಯೇ? ಇಲ್ಲ. ಆದ್ದರಿಂದ ಇವತ್ತು ಮಾರಬೇಕಾದದ್ದು ಹಾಡಿನ ಪುಸ್ತಿಕೆ. ಒಳಗೆ ಪದಗಳು, ಹಾಡಿದವರ ಹೆಸರು, ಊರು, ಚಿತ್ರ. ಹಿಂಬದಿಯಲ್ಲಿ ಒಂದು ಕ್ಯೂಆರ್ ಕೋಡ್. ಫೋನು ಹಿಡಿದರೆ ಹಾಡು ಬರಬೇಕು. 40 ರೂಪಾಯಿ ಇಡಿ, ಅದರಲ್ಲಿ ಒಂದು ಪಾಲು ಹಾಡಿದ ಅಜ್ಜಿಯ ಖಾತೆಗೆ ಹೋಗಲಿ. ಜನಪದ ಅಂದ ತಕ್ಷಣ ಪುಕ್ಕಟೆ ಎಂದು ತಿಳಿದವರು ನಮ್ಮಲ್ಲಿ ಬಹಳ. ಪದ ಎಲ್ಲರದು, ಹಾಡಿದ ಗಂಟಲು ಒಬ್ಬರದು.

ಇನ್ನೊಂದು ವಿಷಯ ತಿಳಿದಿರಲಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಬರೆದವರ ಹಕ್ಕು ಅವರು ತೀರಿದ ಮೇಲೆ 60 ವರ್ಷ. ಅಂದರೆ 1964ರ ತನಕ ಹೊರಬಂದ ಗ್ರಾಮಫೋನ್ ತಟ್ಟೆಗಳ ಧ್ವನಿಮುದ್ರಣದ ಹಕ್ಕು ಮುಗಿದಿದೆ. ಅದರೊಳಗಿನ ಪದದ ಹಕ್ಕು, ಸ್ವರದ ಹಕ್ಕು ಬೇರೆ, ಅದನ್ನು ನೋಡಿಕೊಂಡು ಮಾಡಬೇಕು. ಪಾಳೆಯಗಾರರ ಬಗ್ಗೆ ಬರೆದ ಎಂ.ಎಸ್. ಪುಟ್ಟಣ್ಣ 1930ರಲ್ಲಿ ತೀರಿಕೊಂಡರು, ಗೋವಿಂದ ಪೈಗಳು 1963ರಲ್ಲಿ. ಇವರ ಬರಹವನ್ನು ಇವತ್ತು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಣ ಇಲ್ಲ, ಹಕ್ಕು ಇಲ್ಲ ಅನ್ನುವ ನೆಪ ಅರ್ಧ ಹೋಯಿತು. ಉಳಿದದ್ದು ಕೆಲಸ.

ಆ ಕೆಲಸದಲ್ಲಿ ನಿಮ್ಮದೇನು? ಮುಂದಿನ ಸಲ ಯಾವುದೇ ಸಂಗ್ರಹಾಲಯಕ್ಕೆ ಹೋದರೂ ಅಂಗಡಿಯಲ್ಲಿ ಕೇಳಿ. ಗದರಬೇಡಿ, ಕೂತಿರುವವರೂ ನಮ್ಮವರೇ, ಸಂಬಳಕ್ಕೆ ಕೂತವರು. ಪುಸ್ತಕದ ಹೆಸರು ಹೇಳಿ ಕೇಳಿ. ಇಲ್ಲ ಅಂದರೆ ಸಂದರ್ಶಕರ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯಿರಿ, ತಾರೀಖು ಹಾಕಿ, ಫೋಟೋ ತೆಗೆದುಕೊಳ್ಳಿ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ, ಒಂದು ಪತ್ರ ಹಾಕಿ. ಇಬ್ಬರು ಬರೆದರೆ ಕಸದ ಬುಟ್ಟಿ. ಇನ್ನೂರು ಜನ ಬರೆದರೆ ಕಡತ. ಕೇಳಿ ತರಿಸಿದ ಮೇಲೆ ಕೊಳ್ಳಿ. ಕೊಳ್ಳದೆ ಬಂದರೆ ಅವರ 'ಯಾರೂ ಕೇಳಲ್ಲ' ನಿಜವಾಗುತ್ತದೆ.

ಎರಡನೆಯದು ಇಲ್ಲೇ, ಬಿಳಿಚೋಡಿನಲ್ಲೇ, ನಾಳೆ ಬಸ್ಸು ಹತ್ತುವ ಮೊದಲು ಮಾಡುವ ಕೆಲಸ. ನಿಮ್ಮ ಮನೆಯಲ್ಲೋ ಪಕ್ಕದ ಹಟ್ಟಿಯಲ್ಲೋ ಪದ ಹೇಳುವ ಅಜ್ಜಿ ಇದ್ದೇ ಇರುತ್ತಾಳೆ. ಸೋಬಾನೆಯೋ, ಬೀಸುವ ಪದವೋ, ಮಾರಮ್ಮನ ಹಾಡೋ. ಎದುರು ಕೂತು ಫೋನಿನಲ್ಲಿ ಧ್ವನಿ ಹಿಡಿಯಿರಿ. ಮೊದಲು ಅಜ್ಜಿಯ ಒಪ್ಪಿಗೆ ಕೇಳಿ. ಹೆಸರು, ಊರು, ತವರು, ಯಾರಿಂದ ಕಲಿತದ್ದು, ಇವತ್ತಿನ ತಾರೀಖು, ಎಲ್ಲ ಅವಳ ಬಾಯಲ್ಲೇ ಹೇಳಿಸಿ. ನಡುವೆ ಬಾಯಿ ಹಾಕಬೇಡಿ. ಟಿ.ವಿ. ಆರಿಸಿ, ಫ್ಯಾನು ನಿಲ್ಲಿಸಿ, ಅದರ ಗೊರಗೊರ ಸದ್ದು ಹಾಡನ್ನು ನುಂಗುತ್ತದೆ. ಮರೆತ ಸಾಲು ನೆನಪಾಗಲಿ ಎಂದು ಅಜ್ಜಿ ಎಲೆಅಡಿಕೆ ಕೇಳಿದರೆ ಎದ್ದು ಹೋಗಿ ತಂದುಕೊಡಿ.